ನನ್ನ ಒಲೆ ಆರಿಸಲು ಹೊರಟವನು

"ಆಗಿದ್ದಾತು, ಮರತಬಿಡು" ಎಂದು ನನಗೆ ಬುದ್ಧಿ ಹೇಳುವವರು ಯಾರೂ ನನ್ನ ಭಾವನ ಅಂಗಳದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತವರಲ್ಲ. ನಾನು ನಿಂತಿದ್ದೇನೆ. ನಾನು ಮರೆಯುವುದಿಲ್ಲ.

ಹಲಗೇರಿಯಲ್ಲಿ ಖಡಕ್ ರೊಟ್ಟಿ ಬಡಿದು ಮಾರುವುದು ನನ್ನ ಕಸುಬು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಪಕ್ಕದ ಖಾನಾವಳಿಗೆ ನನ್ನ ರೊಟ್ಟಿಯೇ ಆಗಬೇಕು. ಗ್ಯಾಸಿನ ಮೇಲೆ ಬೇಯಿಸಿದರೆ ಗಳಿಸಿದ್ದೆಲ್ಲ ಸಿಲಿಂಡರಿನ ಹೊಟ್ಟೆಗೇ ಹೋಗುತ್ತದೆ. ಹಾಗಾಗಿ ನಮಗೆ ಬೆಂಡೇ ಗತಿ. ಗೋವಿನಜೋಳದ ತೆನೆಯಿಂದ ಕಾಳು ಬಿಡಿಸಿದ ಮೇಲೆ ಉಳಿಯುತ್ತದಲ್ಲ, ಅದು. ಮೊದಲೆಲ್ಲ ರಾಶಿ ಯಂತ್ರದ ಹಿಂದೆ ಹೋಗಿ ನಿಂತರೆ ಹೊಲದವರೇ "ಒಯ್ಯಿರಿ ಯವ್ವಾ, ಕಣಾ ಸ್ವಚ್ಛ ಆಗ್ತೈತಿ" ಎನ್ನುತ್ತಿದ್ದರು.

ಆಮೇಲೆ ನನ್ನ ಗಂಡನ ಅಣ್ಣನಿಗೆ ವ್ಯಾಪಾರದ ಬುದ್ಧಿ ಬಂತು. ಹಾವೇರಿ ಕಡೆಯ ಇಟ್ಟಿಗೆ ಭಟ್ಟಿಯವರು ಬೆಂಡು ಕೊಳ್ಳುತ್ತಾರೆಂದು ತಿಳಿದದ್ದೇ ತಡ, ಸುತ್ತಲಿನ ಹೊಲಗಳ ಬೆಂಡನ್ನೆಲ್ಲ ಎತ್ತಿ ತನ್ನ ಶೆಡ್ಡಿಗೆ ತುಂಬಿದ. ಭಟ್ಟಿಗೆ ಕಳಿಸಿ ಉಳಿದದ್ದನ್ನು ನಮ್ಮಂಥ ರೊಟ್ಟಿಯವರಿಗೆ ತನ್ನ ಬಾಯಿಗೆ ಬಂದ ಬೆಲೆಗೆ ಮಾರತೊಡಗಿದ.

ನಾನು ಹೋಗಿ ಕೇಳಿದೆ. "ಭಾವಾರ, ಮನಿಯಾಕಿ ಅಂತಾದ್ರೂ ನೋಡ್ರಿ. ಮೊದಲಿನ ರೇಟಿಗೆ ಒಂದೆರಡ ಬುಟ್ಟಿ ಕೊಡ್ರಿ."

ಅವನು ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದ. ನನ್ನ ಮುಖ ಸಹ ನೋಡಲಿಲ್ಲ. ಬಾಗಿಲಿಗೆ ಬಂದ ಭಿಕ್ಷುಕರಿಗೆ ಹೇಳುವ ಮಾತು ಹೇಳಿದ. "ಮುಂದಕ್ಕ ಹೋಗವಾ."

ಅಲ್ಲಿದ್ದ ಆಳುಗಳು ನಕ್ಕರು. ಮದುವೆಯಾಗಿ ಬಂದಾಗಿನಿಂದ ಬೇರೆಯಾಗುವವರೆಗೂ ಆ ಮನೆಯ ಹಿಟ್ಟು ನಾದಿದ ಕೈ ಇದು. ನನ್ನ ಗಂಡ ಅಣ್ಣನ ಮುಂದೆ ತುಟಿ ಬಿಚ್ಚುವವನಲ್ಲ. ಸರಿ, ನನಗೆ ಬಾಯಿ ಇತ್ತಲ್ಲ. ಇವನ ಬಾಯಲ್ಲೇ ಬೆಲೆ ಇಳಿಸದಿದ್ದರೆ ನಾನು ರೊಟ್ಟಿ ಬಡಿಯುವವಳೇ ಅಲ್ಲ ಎಂದುಕೊಂಡು ಮನೆಗೆ ಬಂದೆ.

ಬೆಂಡು ಹೆಚ್ಚು ಬಂದರೆ ಬೆಲೆ ಬೀಳುತ್ತದೆ ಎಂಬುದು ನನ್ನ ಲೆಕ್ಕ. ಓಣಿಯ ರೊಟ್ಟಿಯವರನ್ನೆಲ್ಲ ಕಟ್ಟಿಕೊಂಡು ಬಸ್ಸು ಹತ್ತಿ, ಭಾವನ ಟ್ರ್ಯಾಕ್ಟರ್ ಇನ್ನೂ ಮುಟ್ಟಿರದ ಕುಪ್ಪೇಲೂರಿಗೆ ಹೋದೆ. ಆದರೆ ನಮ್ಮ ಜಾತಿಯೇ ಕೆಟ್ಟದ್ದು, ರೊಟ್ಟಿಯವರ ಜಾತಿ! ಯಾವ ಗಿರಣಿಯ ಹಿಟ್ಟು, ಯಾವ ಹೊಲದ ಜೋಳ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದಿಲ್ಲ. ಬಸ್ಸಿನಿಂದ ಇಳಿದವರು ಒಬ್ಬೊಬ್ಬರೇ ಒಂದೊಂದು ಕಣಕ್ಕೆ ಜಾರಿದೆವು. "ಬ್ಯಾರೇದಾಕಿಗೆ ಕೊಡಬ್ಯಾಡ್ರಿ, ನಾ ಹೆಚ್ಚ ಕೊಡ್ತೇನಿ" ಎಂದು ಎಲ್ಲರೂ ಗುಟ್ಟಾಗಿ ಹೇಳಿದೆವು. ನಾನೂ ಹೇಳಿದೆ. ಸಂಜೆಯೊಳಗೆ ಅಲ್ಲಿಯ ರೈತರಿಗೆ ಬೆಂಡು ಬಂಗಾರವಾಯಿತು. ಅವರು ಭಾವನಿಗೇ ಫೋನು ಮಾಡಿ ಪೇಟೆ ದರ ವಿಚಾರಿಸಿದರು. ಮರುದಿನ ಅವನ ಟ್ರ್ಯಾಕ್ಟರ್ ಹೋಗಿ ಎಲ್ಲವನ್ನೂ ಹೇರಿಕೊಂಡು ಬಂತು.

ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕವ್ವ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ನಮ್ಮ ಹಾಗೆ ರೊಟ್ಟಿ ಮಾರುವವಳು. ಮನೆಯಲ್ಲಿ ಉರ್ದು, ಕಟ್ಟೆಯ ಮೇಲೆ ಕನ್ನಡ. "ಅರೇ ಬೇಟಿ, ಅವನ ಕಡೆ ಬೆಂಡ ಐತಿ, ನಮ್ಮ ಕಡೆ ಒಲಿ ಐತಿ. ಒಲಿ ಆರಿಸು, ಅವ ಬೆಂಡ ಏನ ಕಡೀತಾನ?"

"ಒಲಿ ಆರಿಸಿ ಮಣ್ಣ ತಿನ್ನೂಣೇನ?" ಎಂದು ಅವಳ ಮೇಲೆ ಹರಿಹಾಯ್ದೆ.

ಆ ವಾರ ರೊಟ್ಟಿ ಕೊಡಲು ಬ್ಯಾಡಗಿಗೆ ಹೋದಾಗ ಖಾನಾವಳಿಯ ಟಿವಿಯಲ್ಲಿ ಇಸ್ತ್ರಿ ಅಂಗಿಯವರು ಪೆಟ್ರೋಲಿನ ಬೆಲೆಯ ಬಗ್ಗೆ ಜಗಳಾಡುತ್ತಿದ್ದರು. ಎಣ್ಣೆ ಹೆಚ್ಚು ತೆಗೆಯಬೇಕು ಎಂದು ಒಬ್ಬ, ಕಡಿಮೆ ಸುಡಬೇಕು ಎಂದು ಇನ್ನೊಬ್ಬ. "ನೀ ಏನಂತಿ, ರೊಟ್ಟಿಯವ್ವಾ?" ಎಂದ ಖಾನಾವಳಿಯವನು.

"ಇಬ್ಬರ ಬಾಯಾಗೂ ಬೆಂಡ ತುರಕ್ರಿ" ಎಂದು ಹೊರಗೆ ಬಂದೆ.

ಹೊರಗೆ ಅಂಗಳದ ತುಂಬ ಮೆಣಸಿನಕಾಯಿ ಬಿಸಿಲಿಗೆ ಒಣಗುತ್ತಿತ್ತು. ನೋಡುತ್ತ ನಿಂತೆ. ಬೆಂದ ರೊಟ್ಟಿಯನ್ನು ಖಡಕ್ ಮಾಡಲೆಂದೇ ನಾವು ಗಂಟೆಗಟ್ಟಲೆ ಸಣ್ಣ ಉರಿ ಇಡುತ್ತಿದ್ದೆವು. ಅಯ್ಯೋ ಹುಚ್ಚಿ, ನೆತ್ತಿಯ ಮೇಲೆ ಇಷ್ಟು ದೊಡ್ಡ ಕೆಂಡ ಪುಕ್ಕಟೆ ಸುಡುತ್ತಿದೆಯಲ್ಲ!

ಮನೆಗೆ ಬಂದು ಖಾಲಾಳ ಮುಂದೆ ಸೋತೆನೆಂದು ಒಪ್ಪಿಕೊಂಡೆ. ಓಣಿಯ ರೊಟ್ಟಿಯವರೆಲ್ಲ ಸೇರಿ ಅವಳ ಹಿತ್ತಲಲ್ಲಿ ಒಂದೇ ಒಂದು ಉದ್ದನೆಯ ಒಲೆ ಹೂಡಿದೆವು. ಹಿಟ್ಟು ಅವರವರದು, ಹಂಚು ಅವರವರದು, ಉರಿ ಎಲ್ಲರದು. ಬೆಂದ ರೊಟ್ಟಿ ಮಾಳಿಗೆಯ ಮೇಲೆ ಬಿಳಿ ಧೋತರದಲ್ಲಿ ಒಣಗಿತು. "ಯಾರ ಒಲಿ ಮ್ಯಾಲ ಯಾರ ರೊಟ್ಟಿ!" ಎಂದು ಊರು ಮೂಗು ಮುರಿಯಿತು. ಬೆಂಕಿಗೆ ಜಾತಿ ಐತೇನು ಕೈ ಇಟ್ಟು ನೋಡ್ರಿ ಎಂದೆ. ಯಾರೂ ಇಡಲಿಲ್ಲ. ಮನೆಗಳಲ್ಲಿ ಉಳಿದಿದ್ದ ಬೆಂಡು, ಹತ್ತಿ ಕಟ್ಟಿಗೆಯಲ್ಲೇ ದಿನ ಸಾಗಿದವು. ಭಾವನ ಶೆಡ್ಡಿನ ಕಡೆ ಒಬ್ಬಳೂ ಸುಳಿಯಲಿಲ್ಲ.

ಬೇಸಿಗೆಯ ಕೊನೆಗೆ ಅಡ್ಡಮಳೆ ಬಿತ್ತು. ಭಟ್ಟಿಗಳು ನಿಂತವು. ನಿಜ ಹೇಳಬೇಕು, ಭಟ್ಟಿಯವರು ಕೊಳ್ಳುತ್ತಲೇ ಇದ್ದಿದ್ದರೆ ನಮ್ಮ ಒಲೆಯ ಬಿಸಿ ಅವನಿಗೆ ತಾಗುತ್ತಿರಲಿಲ್ಲ. ಈಗ ತಾಗಿತು. ಸೋರುವ ಶೆಡ್ಡಿನಲ್ಲಿ ಗೆದ್ದಲು ಹಿಡಿಯಿತು, ಬೆಲೆ ಸ್ವಲ್ಪ ಇಳಿಯಿತು. ತಕ್ಷಣ ನಮ್ಮಲ್ಲೊಬ್ಬಳು ಬುಟ್ಟಿ ಎತ್ತಿಕೊಂಡು ಹೊರಟಳು. "ಅಗ್ಗ ಆತಂತ ಹೋಗಿ ಬಿದ್ರ ನಾಳೆ ಮತ್ತ ಏರಸ್ತಾನ ನೋಡ" ಎಂದು ಕೂಗಿದೆ. ಕೇಳದೆ ಹೋದಳು. ಅವಳ ಬುಟ್ಟಿ ಕಂಡಿದ್ದೇ ಅವನು ಮರುದಿನ ಏರಿಸಿಯೇಬಿಟ್ಟ. ಸಪ್ಪೆ ಮುಖ ಮಾಡಿಕೊಂಡು ಹಿತ್ತಲಿನ ಒಲೆಗೇ ಮರಳಿದಳು. ನಾನು ಕಲಿತದ್ದು ಇಷ್ಟೇ: ಹೊಸ ರಾಶಿ ಹುಡುಕಿ ಹೊರಟರೆ ಉಳ್ಳವನೇ ಮೊದಲು ಮುಟ್ಟುತ್ತಾನೆ. ನಮ್ಮ ಕೈಯಲ್ಲಿದ್ದದ್ದು ನಮ್ಮ ಉರಿ ಮಾತ್ರ.

ಒಂದು ದಿನ ಭಾವ ತಾನೇ ನಮ್ಮ ಮನೆಗೆ ಬಂದ. ಗುತ್ತಲಕ್ಕೆ ಕೊಟ್ಟ ಅವನ ಮಗಳು ಬಸುರಿ, ಸೀಮಂತದ ದಿನ ಹತ್ತಿರವಿತ್ತು. "ಕುಬಸ ಇಟ್ಟೇವಿ. ರೊಟ್ಟಿ ಬುತ್ತಿ ಒಯ್ಯಬೇಕು. ಕಾಕೀ ಕೈಯಾಂದ ಬೇಕಂತ ಹಟ ಹಿಡದಾಳ."

ಆ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಕಾಕಿ ನಾನು. ಅವಳ ಮೇಲೆ ನನಗೇನು ಸಿಟ್ಟು? ಇವನ ಮೇಲೆ ಇತ್ತು, ಬೆಟ್ಟದಷ್ಟಿತ್ತು.

"ಕೊಡ್ತೇನಿ" ಎಂದೆ. "ಅದರ ಮೊದಲ ನೀವು ಬುಟ್ಟಿ ಹೊತ್ತು ಓಣಿಯಾಗ ಮನಿ ಮನಿಗೂ ಹೋಗ್ರಿ. ಹಳೇ ರೇಟ ಕೂಗಿ ಬೆಂಡ ಹಾಕಿ ಬರ್ರಿ."

"ಆಳ ಕಳಸ್ತೇನಿ ತಗೋ."

"ಆಳಲ್ಲ. ನೀವ."

ರುಮಾಲು ಕೊಡವಿಕೊಂಡು ಹೊರಟುಹೋದ. ಆದರೆ ಮಗಳ ಆಸೆ ದೊಡ್ಡದು. ಮರುದಿನ ಬೆಳಿಗ್ಗೆ ರುಮಾಲು ಸುತ್ತಿದ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಂದ. ಹೆಂಗಸರು ಹೊರಗೆ ಬಂದು ಬೆಂಡು ಮುರಿದು ನೋಡಿದರು, ಹಸಿ ಐತಿ ಎಂದು ಮೂತಿ ತಿರುಗಿಸಿದರು, ಚೌಕಾಸಿ ಮಾಡಿದರು. ಖಾಲಾ ಇನ್ನೂ ಇಳಿಸು ಎಂದಳು, ಇಳಿಸಿದ. ನಾನು ಕಟ್ಟೆಯ ಮೇಲೆ ಕೂತು ಕಣ್ಣು ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹಬ್ಬದ ಹೋಳಿಗೆಯೂ ಅಷ್ಟು ರುಚಿಸಿರಲಿಲ್ಲ.

ನಮ್ಮದು ಓಣಿಯ ಕೊನೆಯ ಮನೆ, ಅದರಾಚೆ ಬರೀ ಹೊಲ. ಕುಬಸದ ರೊಟ್ಟಿ ಆಗಲೇ ಮಾಳಿಗೆಯ ಮೇಲೆ ಒಣಗುತ್ತಿತ್ತು. ಅವನು ಬೆವರೊರೆಸಿಕೊಂಡು ನನ್ನ ಬಾಗಿಲಲ್ಲಿ ನಿಂತ. "ಬೆಂಡ ಬೇಕೇನವಾ?"

ನಾನು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಹಲ್ಲಿಗೆ ಹಚ್ಚಿದೆ. ಮುಖ ನೋಡಲಿಲ್ಲ.

"ಮುಂದಕ್ಕ ಹೋಗಪಾ."