ಚಿರತೆ ಕಾಯುವ ಪೆಟ್ಟಿಗೆ

ಕಬ್ಬು ಆಳೆತ್ತರ ದಾಟಿತೆಂದರೆ ನಮ್ಮೂರಿನಲ್ಲಿ ಸಂಜೆ ಬೇಗ ಆಗುತ್ತದೆ. ತೊಣ್ಣೂರು ಕೆರೆಯ ಆಚೆಗಿನ ಬಂಡೆಗಳ ಮೇಲೆ ಇನ್ನೂ ಬಿಸಿಲಿರುವಾಗಲೇ ಹೆಂಗಸರು ಒಬ್ಬರನ್ನೊಬ್ಬರು ಕೂಗಿಕೊಂಡು ಹೊಲದಿಂದ ಮನೆಗೆ ಹೊರಟುಬಿಡುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ವಿಚಿತ್ರವೆನಿಸಿತ್ತು. ಒಂದು ರಾತ್ರಿ ಪಕ್ಕದ ಮನೆಯ ಕೊಟ್ಟಿಗೆಯಿಂದ ಚಿರತೆ ಒಂದು ಕರುವನ್ನು ಎಳೆದುಕೊಂಡು ಹೋಯಿತು. ಬೆಳಗ್ಗೆ ನೋಡಿದರೆ ಕಬ್ಬಿನ ಸಾಲಿನೊಳಗೆ ಹುಲ್ಲು ಒಂದೇ ಕಡೆಗೆ ಮಲಗಿತ್ತು. ಆ ದಾರಿ ನಮ್ಮ ಹಿತ್ತಲನ್ನು ಸವರಿಕೊಂಡೇ ಹೋಗಿತ್ತು. ಅಂದಿನಿಂದ ನಾನೂ ಬಿಸಿಲಿರುವಾಗಲೇ ಬಾಗಿಲು ಹಾಕುವವಳಾದೆ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಪಾಂಡವಪುರದ ಒಂದು ಅಂಗಡಿಯಲ್ಲಿ ಯುಪಿಎಸ್ಸು, ಪಂಪ್‌ಸೆಟ್ಟಿನ ಸ್ಟಾರ್ಟರು ರಿಪೇರಿ ಮಾಡುತ್ತಿದ್ದೆ. ಕರು ಹೋದ ವಾರವೇ ನನ್ನ ತಲೆಯಲ್ಲಿ ಒಂದು ಪೆಟ್ಟಿಗೆಯ ಯೋಚನೆ ಹುಟ್ಟಿತು. ಕೊಟ್ಟಿಗೆಯ ಗೋಡೆಗೆ ಹಾಕುವಂಥದ್ದು. ಅದರೊಳಗೊಂದು ಕ್ಯಾಮೆರಾ; ಚಿರತೆ ಬಂದರೆ ಗುರುತು ಹಿಡಿದು, ಜೋರಾಗಿ ಕೂಗಿ, ದೀಪ ಮಿನುಗಿಸಿ, ಮನೆಯವರ ಫೋನಿಗೆ ಕರೆ ಮಾಡಬೇಕು. ಶ್ರೀರಂಗಪಟ್ಟಣದ ಕಡೆಯ ಒಂದು ಕಾಲೇಜಿನಲ್ಲಿ ಹೊಸ ಸ್ಟಾರ್ಟಪ್‌ಗಳಿಗೆ ಕೂರಲು ಜಾಗ, ಕೇಳಿದರೆ ಸಲಹೆ ಎರಡೂ ಸಿಗುತ್ತಿದ್ದವು. ಅಲ್ಲಿಗೆ ಹೋಗಿ ಹೆಸರು ಬರೆಸಿ ಬಂದೆ. ಜೊತೆಗಿದ್ದವಳು ನನ್ನ ನಾದಿನಿ. ಊರಿನ ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸ ಅವಳದು. ಯಾರ ಮನೆಯ ಹಸು ಯಾವಾಗ ಕರು ಹಾಕುತ್ತದೆ ಎಂಬುದು ಅವಳ ಬಾಯಲ್ಲೇ ಇರುತ್ತಿತ್ತು. ಪೆಟ್ಟಿಗೆ ಮಾಡುವುದು ನಾನು, ಜನರ ಬಳಿ ಹೋಗುವುದು ಅವಳು ಎಂದು ಮಾತಾಗಿತ್ತು.

ಆದರೆ ಪೆಟ್ಟಿಗೆ ಮನೆಯಿಂದ ಹೊರಗೆ ಹೋಗಲೇ ಇಲ್ಲ. ಮೊದಲು ಅದು ನಾಯಿಯನ್ನು ಚಿರತೆ ಎನ್ನುತ್ತಿತ್ತು. ಅದನ್ನು ತಿದ್ದಿದರೆ ಮಂಜಿನಲ್ಲಿ ಏನೂ ಕಾಣದೆ ಸುಮ್ಮನಾಗುತ್ತಿತ್ತು. ಮಂಜಿಗೆ ಸರಿಮಾಡುವಷ್ಟರಲ್ಲಿ ಬ್ಯಾಟರಿ ಬೇಗ ಇಳಿಯುತ್ತಿತ್ತು. ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ಕಾಲೇಜಿನಲ್ಲಿ ನಮಗೆ ಸಲಹೆ ಕೊಡುತ್ತಿದ್ದ ಮೇಷ್ಟ್ರು ಪ್ರತಿ ಸಲವೂ, “ಯಾರ ಮನೆಯಲ್ಲಿ ಹಾಕಿದ್ದೀರಮ್ಮ?” ಎಂದು ಕೇಳುತ್ತಿದ್ದರು. “ಇನ್ನೂ ಸ್ವಲ್ಪ ಕೆಲಸ ಇದೆ ಸರ್” ಎನ್ನುತ್ತಿದ್ದೆ.

ಒಂದು ಸಂಜೆ ನಾದಿನಿಗೆ ತಾಳ್ಮೆ ಕೆಟ್ಟಿತು. “ಅತ್ಗೆ, ನಾಯಿ ಬಂದ್ರೂ ಕೂಗ್ಲಿ ಬುಡಿ. ಕೂಗುದ್ರೆ ಜನ ಎದ್ದು ನೋಡ್ತಾರೆ. ಈಗ ಏನೂ ಕೂಗ್ತಾ ಇಲ್ವಲ್ಲ” ಎಂದಳು.

“ಕೂಗುತ್ತೆ ಅಂತ ನಂಬಿ ಯಾರಾದರೂ ನಿಶ್ಚಿಂತೆಯಾಗಿ ಮಲಗಿ, ಅವತ್ತು ಅದು ಕೂಗದೆ ಹೋದರೆ?” ಎಂದೆ.

ನನ್ನ ಭಯ ಇದ್ದದ್ದು ಅಲ್ಲೇ. ಚಿರತೆಗಿಂತ ಹೆಚ್ಚಾಗಿ ನಾನು ಮಾಡಿದ ಪೆಟ್ಟಿಗೆಗೇ ಹೆದರುತ್ತಿದ್ದೆ. ಮೇಜಿನ ಮೇಲೆ ಇರುವಷ್ಟು ಕಾಲ ಅದರಿಂದ ಯಾರಿಗೂ ಮೋಸವಾಗುವಂತಿರಲಿಲ್ಲ.

ಮಾರ್ಗಶಿರದ ಒಂದು ಮುಂಜಾನೆ ಅತ್ತೆ ಹಾಲು ಕರೆಯಲು ಕೊಟ್ಟಿಗೆಗೆ ಹೋದರು. ನಾನು ಒಲೆಯ ಮೇಲೆ ನೀರಿಟ್ಟಿದ್ದೆ. ಹಿತ್ತಲಿಂದ ಕೂಗು ಬರಲಿಲ್ಲ. ಬಿಂದಿಗೆ ಉರುಳಿದ ಸದ್ದು ಮಾತ್ರ ಬಂತು. ಹೋಗಿ ನೋಡಿದರೆ ಅತ್ತೆ ಹಸುವಿನ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. ಅವರ ಕಣ್ಣು ಇದ್ದ ಕಡೆಗೆ ನೋಡಿದೆ. ಅರ್ಧ ಬಿದ್ದ ಮಣ್ಣುಗೋಡೆಯ ಮೇಲೆ ಚಿರತೆ ಕೂತಿತ್ತು. ಬೆಕ್ಕು ಕೂತಿರುವ ಹಾಗೇ, ಮುಂಗಾಲು ಜೋಡಿಸಿಕೊಂಡು, ನಮ್ಮಿಬ್ಬರನ್ನೂ ನೋಡುತ್ತಿತ್ತು. ಹಸು ಒಮ್ಮೆ ಹಗ್ಗ ಜಗ್ಗಿ ಕಾಲು ಝಾಡಿಸಿತು. ಚಿರತೆ ಅವಸರವಿಲ್ಲದೆ ಎದ್ದು ಗೋಡೆಯ ಆಚೆಗೆ ಇಳಿಯಿತು.

ಅತ್ತೆಯನ್ನು ಹಿಡಿದು ಒಳಗೆ ಕರೆತಂದೆ. ಒಲೆಯ ಮುಂದೆ ಕೂತು, “ಅದು ಎಷ್ಟೊತ್ತಿಂದ ಕೂತಿತ್ತೋ ಕಣವ್ವ. ನಾನು ಪದ ಏಳ್ಕೊಂಡು ಆಲು ಕರೀತಾ ಇವ್ನಿ” ಎಂದರು. ಅದಾದ ಮೇಲೆ ಬೆಳಕು ಹರಿಯದೆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ಡೈರಿಗೆ ಹಾಲು ಹಾಕುವ ಹೊತ್ತು ತಪ್ಪತೊಡಗಿತು.

ಚಿರತೆ ಕಂಡ ದಿನವೇ ಮಧ್ಯಾಹ್ನ ಪೆಟ್ಟಿಗೆಯಿಂದ ಕ್ಯಾಮೆರಾ ಕಿತ್ತು ಪಕ್ಕಕ್ಕಿಟ್ಟೆ. ಏನಾದರೂ ಅಲುಗಾಡಿದರೆ ತಿಳಿಯುವ ಒಂದು ಸೆನ್ಸರು, ಒಂದು ಮಿನುಗುವ ದೀಪ, ಹಳೆಯ ಲಾರಿಯ ಹಾರನ್ನು. ಅಷ್ಟನ್ನೇ ಜೋಡಿಸಿ ಸಂಜೆಯ ಒಳಗೆ ನಮ್ಮ ಕೊಟ್ಟಿಗೆಗೆ ಹಾಕಿದೆ. ನನಗೇ ನಾಚಿಕೆಯಾಗುವಂಥ ಕೆಲಸ. ಬೆಕ್ಕು ಹಾದರೆ ಕೂಗಿತು, ಗೋಣಿಚೀಲ ಹಾರಿದರೆ ಕೂಗಿತು. ಬೆಳಗ್ಗೆ ಎದುರುಮನೆಯವರು ಬಂದು, “ಈ ಡಬ್ಬಕ್ಕಿಂತ ಚಿರ್ತೆನೇ ವಾಸಿ ಕಣವ್ವ, ನಿದ್ದೆನಾದ್ರೂ ಬತ್ತಿತ್ತು” ಎಂದರು. ಪೆಟ್ಟಿಗೆಯನ್ನು ಸ್ವಲ್ಪ ಎತ್ತರಕ್ಕೆ ಏರಿಸಿದೆ; ಬೆಕ್ಕಿನ ಕಾಟ ತಪ್ಪಿತು. ಮುಂದಿನ ವಾರ ಗಾಳಿಯ ಕಾಟ ಕಡಿಮೆಯಾಯಿತು. ಅದರ ಮುಂದಿನ ವಾರ ಏನೂ ಸುಧಾರಿಸಲಿಲ್ಲ. ಹೀಗೇ ಕುಂಟುತ್ತಾ ಸಾಗಿತು. ಅತ್ತೆ ಮೊದಮೊದಲು ನನ್ನನ್ನು ಜೊತೆಗೆ ಕರೆದುಕೊಂಡು, ಆಮೇಲೆ ಒಬ್ಬರೇ ಹಾಲು ಕರೆಯಲು ಹೋಗತೊಡಗಿದರು.

ನಾದಿನಿ ಕಾಯಲಿಲ್ಲ. ಡೈರಿಯವರ ಪರಿಚಯ ಹಿಡಿದು ಸಂತೆಬಾಚಹಳ್ಳಿ, ಹೊಸಹೊಳಲು, ನಾಗಮಂಗಲದ ಕಡೆಯ ಕೆಲವು ಮನೆಯವರನ್ನು ಪೆಟ್ಟಿಗೆ ಹಾಕಿಸಿಕೊಳ್ಳಲು ಒಪ್ಪಿಸಿಬಿಟ್ಟಳು. ಪ್ರತಿ ಪೆಟ್ಟಿಗೆಯ ಮೇಲೂ ನಾನೇ ದಪ್ಪಕ್ಷರದಲ್ಲಿ ಬರೆದೆ: ‘ಇದು ಕೂಗದೇ ಇರಬಹುದು. ಬಾಗಿಲು ಹಾಕುವುದನ್ನು ಬಿಡಬೇಡಿ.’ ನಾದಿನಿ ಅದನ್ನು ಓದಿ, “ಇಂಗ್ ಬರ್ದು ಯಾರಾದ್ರೂ ಸಾಮಾನ್ ಕೊಡ್ತಾರಾ ಅತ್ಗೆ?” ಎಂದಳು. ಹಾಗೇ ಕೊಟ್ಟೆವು. ಬೇರೆಯವರ ಗೋಡೆಗೆ ಮೊದಲ ಮೊಳೆ ಹೊಡೆಯುವಾಗ ಸುತ್ತಿಗೆ ಎರಡು ಸಲ ಜಾರಿತು.

ನಾನು ಹೆದರಿದ್ದು ಬೇಸಿಗೆಯ ಒಂದು ಬೆಳಗ್ಗೆ ಆಗಿಯೇ ಹೋಯಿತು. ಸಂತೆಬಾಚಹಳ್ಳಿಯ ಕಡೆಯಿಂದ ಫೋನು ಬಂತು. “ನಿಮ್ ಡಬ್ಬ ಬಡ್ಕಳ್ಳಿಲ್ಲ ಕಣವ್ವ. ಚಿರ್ತೆ ಬಂದು ಗಬ್ಬದ ಮೇಕೆ ಒತ್ಕೊಂಡೋಯ್ತು.”

ನಾದಿನಿಯ ಸ್ಕೂಟರಿನ ಹಿಂದೆ ಕೂತು ಹೋಗುವಾಗ ದಾರಿಯುದ್ದಕ್ಕೂ ಅವಳ ಭುಜ ಬಿಡಲಿಲ್ಲ. ಬೈದರೆ ಬೈಸಿಕೊಳ್ಳೋಣ, ಆದರೆ ಅದು ಮೇಕೆಯಾಗದೆ ಮಗುವಾಗಿದ್ದರೆ? ಆ ಯೋಚನೆ ಒಂದು ಸಲ ಬಂದದ್ದು ಮತ್ತೆ ಹೋಗಲಿಲ್ಲ. ಮನೆಯ ಮುಂದೆ ಯಜಮಾನರು ನಿಂತಿದ್ದರು, ಐವತ್ತು ದಾಟಿದವರು. ಅವರ ಹೆಂಡತಿ ಮೇಕೆ ಕಟ್ಟುತ್ತಿದ್ದ ಗೂಟದ ಬಳಿ ಸೆರಗು ಬಾಯಿಗೆ ಹಿಡಿದು ಕೂತಿದ್ದರು. ಅವರು ನಮ್ಮನ್ನು ನೋಡಲೂ ಇಲ್ಲ.

ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿದೆ. ಒಳಗಿನ ಬಿಸುಪಿಗೆ ಹಲ್ಲಿಯೊಂದು ಸೇರಿಕೊಂಡು, ಸರ್ಕೀಟಿನ ಮೇಲೇ ಮೊಟ್ಟೆ ಇಟ್ಟಿತ್ತು. ತಂತಿ ಎಳೆದಿದ್ದ ತೂತಿನಿಂದ ನುಗ್ಗಿತ್ತು. ನನ್ನ ಮೇಜಿನ ಮೇಲೆ ಆ ಪೆಟ್ಟಿಗೆ ಇನ್ನೂ ಎಷ್ಟು ವರ್ಷ ಇದ್ದಿದ್ದರೂ ಈ ಹಲ್ಲಿ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕೆಳಗಿಳಿದು, ಮೇಕೆಗೆ ಬದಲಾಗಿ ಮೇಕೆ ಕೊಡಿಸುತ್ತೇವೆ, ಪೆಟ್ಟಿಗೆಗಳನ್ನೆಲ್ಲ ವಾಪಸು ತೆಗೆದುಕೊಂಡು ಹೋಗುತ್ತೇವೆ ಎಂದೆ. ನಿಜಕ್ಕೂ ಹಾಗೇ ನಿರ್ಧರಿಸಿದ್ದೆ. ಯಜಮಾನರ ಮುಖದಲ್ಲಿ ಸಿಟ್ಟು ಇಳಿದಿರಲಿಲ್ಲ.

“ಮೇಕೆ ಕೊಡ್ಸಿ, ಬ್ಯಾಡ ಅನ್ನಕಿಲ್ಲ. ಡಬ್ಬ ಯಾಕ್ ತಗಂಡೋಗ್ತೀರಿ? ಓದ್ ತಿಂಗ್ಳು ಎರಡ್ ಸಲ ಅದು ಕೂಗಿದ್ಕೇ ನಾವು ಎದ್ದಿದ್ದು. ಈ ತೂತು ಮುಚ್ಚಿ. ಉಳ್ದವ್ರ ಮನೇಲೂ ಇಂಗೇ ಹಲ್ಲಿ ಸೇರ್ಕೊಂಡಿದ್ರೆ ಏನ್ ಮಾಡ್ತೀರಿ? ಇಲ್ ನಿಂತ್ಕೊಂಡು ಮಾತಾಡ್ತಾವ್ರೆ” ಎಂದು ಬೆನ್ನು ತಿರುಗಿಸಿದರು.

ಅವರು ಹೇಳುವವರೆಗೂ ನನಗದು ಹೊಳೆದಿರಲಿಲ್ಲ. ಉಳಿದ ಮನೆಗಳು. ಸಂಜೆಯಾಗುವ ಮೊದಲೇ ಎಲ್ಲ ಕಡೆಗೂ ಹೋಗಬೇಕು. ಕೆ.ಆರ್. ಪೇಟೆಯಲ್ಲಿ ಸೊಳ್ಳೆ ಜಾಲರಿ, ಅಂಟು ಕೊಂಡುಕೊಂಡು ಹೊರಟೆವು. ಹೊಸಹೊಳಲಿನಲ್ಲಿ ಪೆಟ್ಟಿಗೆ ಚೆನ್ನಾಗಿತ್ತು, ಜಾಲರಿ ಅಂಟಿಸಿದೆವು. ಇನ್ನೊಂದು ಊರಿನಲ್ಲಿ ಇರುವೆ ಗೂಡು ಕಟ್ಟಿದ್ದವು. ಊಟದ ನೆನಪೇ ಆಗಲಿಲ್ಲ. ನಾಗಮಂಗಲದಾಚೆಯ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಬಂಡೆಗಳ ತುದಿಗೆ ಹೋಗಿತ್ತು.

ಆ ಮನೆ ಗುಡ್ಡದ ಬುಡದಲ್ಲಿ ಒಂಟಿಯಾಗಿತ್ತು. ಪೆಟ್ಟಿಗೆ ಬಿಚ್ಚಿದರೆ ಅಲ್ಲೂ ಹಲ್ಲಿ. ಹಾರನ್ನು ಸತ್ತೇ ಹೋಗಿತ್ತು, ಎಷ್ಟು ದಿನದಿಂದಲೋ. ನಾನು ಒರೆಸಿ, ತಂತಿ ಸರಿಮಾಡುತ್ತಿರುವಾಗ ಕೊಟ್ಟಿಗೆಯ ಹಸುಗಳು ಮೇವು ಬಿಟ್ಟು ತಲೆ ಎತ್ತಿದವು. ನಾಯಿ ಬೊಗಳುವುದನ್ನು ನಿಲ್ಲಿಸಿ, ಬಾಲ ಮಡಚಿ ಒಳಕ್ಕೆ ಬಂತು. ಏಣಿ ಹಿಡಿದಿದ್ದ ನಾದಿನಿ ಬಲು ಮೆಲ್ಲಗೆ, “ಅತ್ಗೆ, ಬೇಗ” ಎಂದಳು.

ಹಿಂದೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಸ್ಕ್ರೂ ಕೆಳಗೆ ಬಿತ್ತು. ಬೀಳಲಿ ಎಂದು ತಂತಿಯನ್ನು ಕೈಯಲ್ಲೇ ಒತ್ತಿ ಹಿಡಿದೆ. ದೀಪ ಮಿನುಗಿತು, ಹಾರನ್ನು ಕಿವಿಯ ಪಕ್ಕದಲ್ಲೇ ಅರಚಿತು. ಪೊದೆಯೊಳಗೆ ಏನೋ ಸರಸರ ಮೇಲಕ್ಕೆ ಹೋಯಿತು. ಬಂಡೆಯ ಅಂಚಿನಲ್ಲಿ ಉದ್ದನೆಯ ಬಾಲವೊಂದನ್ನು ಕಂಡೆನೆಂದು ನಾದಿನಿ ಆಮೇಲೆ ಹೇಳಿದಳು. ಅದು ಪೆಟ್ಟಿಗೆಗೆ ಹೆದರಿತೋ ಮನುಷ್ಯರನ್ನು ಕಂಡು ಹೋಯಿತೋ ನನಗೆ ಗೊತ್ತಿಲ್ಲ. ಏಣಿಯಿಂದ ಇಳಿದೆ. ಆ ಮನೆಯ ಹೆಂಗಸು ಕೊಟ್ಟ ನೀರನ್ನು ಕೂತೇ ಕುಡಿದೆ. ಅವತ್ತು ಅವರ ಮನೆಯಲ್ಲೇ ಉಳಿದೆವು.

ಈಗ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಪೆಟ್ಟಿಗೆಗಳಿವೆ. ನಾಯಿಗೂ ಚಿರತೆಗೂ ವ್ಯತ್ಯಾಸ ಅವಕ್ಕೆ ಇಂದಿಗೂ ತಿಳಿಯದು. ತೂತು ಉಳಿದಿಲ್ಲ. ಕೆಟ್ಟು ನಿಂತರೆ ತಾನಾಗಿಯೇ ತಿಳಿಸುವ ಕೆಂಪು ದೀಪ ಬಂದಿದೆ. ಆ ಯಜಮಾನರಿಗೆ ಗಬ್ಬದ ಮೇಕೆಯನ್ನೇ ಹುಡುಕಿ ಕೊಡಿಸಿದೆವು. ಬೆಳಗ್ಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತದೆ. ಅದು ಹೋಗುತ್ತದೆಂಬ ಆಸೆಯನ್ನು ಬಿಟ್ಟಿದ್ದೇನೆ.

ಹಾರನ್ನಿಗೆ ಬೆದರಿ ಹಸುಗಳು ಹಾಲು ಕಡಿಮೆ ಕೊಡುತ್ತಿವೆ ಎಂದು ಶ್ರೀರಂಗಪಟ್ಟಣದ ಕಡೆಯ ಒಂದು ಮನೆಯವರು ದೂರಿದ್ದಾರೆ. ಸದ್ದು ಬೇಡ, ದೀಪವಷ್ಟೇ ಸಾಕೇನೋ ನೋಡೋಣ ಎಂದು ಒಂದು ಹೊಸ ಪೆಟ್ಟಿಗೆ ಮಾಡಿದ್ದೇನೆ. ಬರೀ ದೀಪಕ್ಕೆ ಚಿರತೆ ಹೆದರುತ್ತದೋ ಇಲ್ಲವೋ ತಿಳಿಯದು. ಹಳೆಯದನ್ನು ತೆಗೆಯದೆ ಅದರ ಪಕ್ಕದಲ್ಲೇ ಹೊಸದನ್ನೂ ಹಾಕಿ ಬರುವುದೆಂದು ಮಾತಾಗಿದೆ. ನಾದಿನಿ ಹೊರಗೆ ಸ್ಕೂಟರಿಗೆ ಏಣಿ ಕಟ್ಟುತ್ತಿದ್ದಾಳೆ.