ಬೋರ್ಡಿಲ್ಲದ ಬಾರುಗಳ ದಾರಿ

ಮಗುವನ್ನು ಇನ್ನು ಮಾವನ ಕೈಗೆ ಕೊಡಬಹುದೇ ಎಂಬ ಹೆದರಿಕೆ ಭಾನುವಾರದಿಂದ ಮೆರಿಚೆಲ್‌ಳನ್ನು ಬಿಟ್ಟಿರಲಿಲ್ಲ. ಮಾವ ಫೆರ್ರಾನ್ ನಲವತ್ತು ವರ್ಷ ಬಾರ್ಸಿಲೋನಾದ ಬಾರುಗಳಲ್ಲಿ ಕಾಕ್‌ಟೇಲ್ ಬೆರೆಸಿದವರು. ಈಗ ಸೊಸೆ ಕೆಲಸಕ್ಕೆ ಹೋದಾಗ ಎರಡು ವರ್ಷದ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೀದಿ ಸುತ್ತುವವರು. ದಾರಿಯಲ್ಲಿ ಯಾವ ಪ್ರವಾಸಿ ನಕ್ಷೆ ಬಿಚ್ಚಿದರೂ ಆ ಗಾಡಿ ನಿಲ್ಲಲೇಬೇಕು. "ಒಳ್ಳೆ ಬಾರಿಗೆ ಬೋರ್ಡ್ ಇರಲ್ಲ ಕಣಪ್ಪಾ. ಲೋಟಕ್ಕೆ ಕಾಗದದ ಕೊಡೆ ಚುಚ್ಚಿ ಕೊಟ್ರೆ ಎದ್ದು ಓಡು!" ಎನ್ನುವರು. ಬೀದಿಯ ಹೆಸರು, ನಂಬರು ಅವರ ಬಾಯಲ್ಲಿ ಬಾರದು. ಮೀನಂಗಡಿ ದಾಟು, ಬಟ್ಟೆ ಒಣಗುವ ಸಂದಿಗೆ ತಿರುಗು, ಐಸು ಕುಟ್ಟುವ ಸದ್ದು ಕೇಳಿದಲ್ಲಿ ಬಾಗಿಲು ತಳ್ಳು ಎಂದೇ ಹೇಳುವರು. ಕಣ್ಣು ಕಟ್ಟಿ ಬಿಟ್ಟರೂ ಊರಿನ ಬಾರುಗಳನ್ನೆಲ್ಲ ವಾಸನೆಯಿಂದಲೇ ಹುಡುಕಿಯಾರು ಎಂದು ಓಣಿಯವರು ನಗುತ್ತಿದ್ದರು. ಭಾನುವಾರ ಊಟಕ್ಕೆ ಮುಂಚೆ ಮನೆಯವರೆಲ್ಲ ಬೀದಿಬದಿಯ ಮೇಜಿನಲ್ಲಿ ವರ್ಮುತ್ ಎಂಬ ಸಿಹಿಗಹಿ ವೈನ್ ಹೀರುತ್ತ ಕೂತಿದ್ದಾಗ ಜರ್ಮನ್ ದಂಪತಿ ಬಂದು ಒಳ್ಳೆ ಬಾರು ಎಲ್ಲಿದೆ ಎಂದು ಕೇಳಿದರು. "ನೀಲಿ ಬಾಗಿಲು ತಟ್ಟಿ, ಅಗುಸ್ತಿ ಇರ್ತಾನೆ. ಫೆರ್ರಾನ್ ಕಳಿಸ್ದ ಅನ್ನಿ, ಮಾರ್ಟಿನೀನ ಎರಡು ಮೊಳ ಮೇಲಿಂದ ಸುರಿದು ಕೊಡ್ತಾನೆ," ಎಂದರು ಮಾವ. ಅಗುಸ್ತಿ ಸತ್ತು, ಆ ಬಾರು ಮುಚ್ಚಿ ಮೂರು ವರ್ಷವಾಗಿತ್ತು. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮಾವನೂ ಒಬ್ಬರು. ಮೆರಿಚೆಲ್‌ಳ ಗಂಡ ಬಾಯಿಗೆ ಆಲಿವ್ ಹಾಕಿಕೊಂಡು ತಲೆ ತಗ್ಗಿಸಿದ. ಬುಧವಾರ ಬೆಳಿಗ್ಗೆ ಮಾವ ಗಾಡಿಗೆ ಕೈ ಹಾಕುವ ಮೊದಲೇ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ವೈದ್ಯರಿಗೆ ಫೋನು ಮಾಡಿದಳು. "ಏನಾಗಿದೆಯಮ್ಮ ಅವರಿಗೆ?" ಎಂದಿತು ಆ ಕಡೆಯ ದನಿ. "ಒಂದು ಬಾರಿನ ದಾರಿ ತಪ್ಪಾಗಿ ಹೇಳಿದ್ರು." "ಅಷ್ಟಕ್ಕೇನಾ?" "ಅಷ್ಟಕ್ಕೇ ಡಾಕ್ಟ್ರೇ," ಎಂದಳು ಅವಳು, "ನಮ್ಮ ಮಾವ ಅದೊಂದರಲ್ಲಿ ಯಾವತ್ತೂ ತಪ್ಪಿದವರಲ್ಲ."