ಕಾಕಾನ ರ‍್ಯಾಮ್ಸ್‌ಗೇಟ್

ಊಟಕ್ಕೆ ಕೂರಿಸುವ ಮೊದಲು ಕಾಕಾ ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೇಜಿನ ಮೇಲೆ ಹರಡುತ್ತಿದ್ದರು. ತಟ್ಟೆ ಅದರ ಮೇಲೆ. ಹಡಗು ವಾಲಿದಾಗ ತಟ್ಟೆ ಜಾರದಿರಲೆಂದು ಹಡಗಿನ ಅಡುಗೆಯವರು ಮಾಡುವ ಉಪಾಯವದು. ಚೆಂಬೂರಿನ ನಮ್ಮ ಬಿಲ್ಡಿಂಗ್ ಇಷ್ಟು ವರ್ಷದಲ್ಲಿ ಒಮ್ಮೆಯೂ ವಾಲಿದ್ದಿಲ್ಲ. ಆದರೂ ಕಾಕಾ ಒಲೆಯ ಮುಂದೆ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ಒದ್ದೆ ಬಟ್ಟೆ ಹಾಸಿಯೇ ಬಡಿಸುತ್ತಿದ್ದರು.

ಅವರು ಪಕ್ಕದ ಮನೆಯವರು. ಉಡುಪಿ ಕಡೆಯಿಂದ ಬಂದ ಅವರ ಓರಗೆಯವರೆಲ್ಲ ಮುಂಬಯಿಯಲ್ಲಿ ಹೋಟೆಲು ಸೇರಿದರೆ, ಇವರು ಸೌಟು ಹಿಡಿದು ಹಡಗು ಹತ್ತಿದರು. ನಾವು ಧಾರವಾಡದವರು. ಸಮುದ್ರವೆಂದರೆ ಭೇಲ್ ತಿನ್ನುವಾಗ ಎದುರಿಗಿರುವ ನೀರು ಎಂದುಕೊಂಡವರು. ಕಾಕಾನ ಹೆಂಡತಿ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಘಾಟ್ಕೋಪರ್‌ನಲ್ಲಿದ್ದಳು.

ಜಗತ್ತಿನ ಎಷ್ಟೋ ಬಂದರು ಕಂಡಿದ್ದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಊರು, ಇಂಗ್ಲೆಂಡಿನ ರ‍್ಯಾಮ್ಸ್‌ಗೇಟ್. ಅವರ ಹಡಗಿನ ಮಾಲೀಕ ಯಾವುದೋ ವ್ಯಾಜ್ಯಕ್ಕೆ ಸಿಕ್ಕಿಕೊಂಡು, ಕೋರ್ಟಿನವರು ಹಡಗನ್ನು ಅಲ್ಲಿ ಏಳು ತಿಂಗಳು ಕಟ್ಟಿಹಾಕಿದ್ದರಂತೆ. ದಡದ ಕಡಿದಾದ ಬಂಡೆಯ ಬುಡದಲ್ಲಿ ನಾವಿಕರಿಗೆಂದೇ ಒಂದು ಚರ್ಚು. ಅಲ್ಲಿಗೆ ಬರುತ್ತಿದ್ದ ಒಬ್ಬ ಮುದುಕಿ ಇವರಿಗೆಲ್ಲ ಚಹಾ, ಉಣ್ಣೆ ಟೋಪಿ, ಜೊತೆಗೆ ಊರಿನ ಚರಿತ್ರೆಯನ್ನೂ ಕೊಟ್ಟಳು. ಟೋಪಿ ಹರಿದುಹೋಯಿತು. ಚರಿತ್ರೆಯನ್ನು ಮಾತ್ರ ಕಾಕಾ ಬಿಲ್ಡಿಂಗಿನ ಮೂರು ಮಾಳಿಗೆಗೂ ಹಂಚಿದರು.

ಸೊಸೈಟಿ ಮೀಟಿಂಗಿನಲ್ಲಿ ಲಿಫ್ಟಿನ ಮಾತು ನಡೆದಿದ್ದರೂ ಅವರು ಅದನ್ನು ರ‍್ಯಾಮ್ಸ್‌ಗೇಟಿಗೆ ತಂದು ನಿಲ್ಲಿಸುತ್ತಿದ್ದರು. ಲಾಕ್‌ಡೌನಿನಲ್ಲಿ ನಾವು ಬಾಗಿಲು ಹಾಕಿಕೊಂಡು ಗೊಣಗುತ್ತಿದ್ದಾಗ, ಯುದ್ಧದಲ್ಲಿ ಬಾಂಬು ಬೀಳುವಾಗ ಆ ಊರಿನವರು ಸುಣ್ಣದಕಲ್ಲು ಕೊರೆದ ಸುರಂಗಗಳಲ್ಲಿ ಸಂಸಾರ ಹೂಡಿದ್ದನ್ನು ಮೆಟ್ಟಿಲ ಮೇಲೆ ನಿಂತು ವರ್ಣಿಸಿದರು. ಅವರ ಮನೆಯ ಗಡಿಯಾರ ಸದಾ ಐದು ನಿಮಿಷ ಮುಂದೆ. ಲೋಕಲ್ ರೈಲು ತಪ್ಪದಿರಲೆಂದು ಹಾಗೆ ಇಟ್ಟಿದ್ದಾರೆಂದು ನನ್ನ ಅವ್ವ ತಿಳಿದಿದ್ದಳು. ಅದಲ್ಲವಂತೆ. ಅಲ್ಲಿನ ಬಂದರಿನ ಗಡಿಯಾರದ ಕಟ್ಟಡದ ಮೇಲೆ, ಆ ಊರಿನ ವೇಳೆ ಲಂಡನ್ನಿಗಿಂತ ಐದು ನಿಮಿಷ ಚಿಲ್ಲರೆ ಮುಂದೆ ಎಂದು ಬರೆದಿದೆಯಂತೆ. ಲಂಡನ್ನಿಗೇ ಜಗ್ಗದ ಊರು ಎಂದು ಕಾಕಾನಿಗೆ ತಮ್ಮದೇ ಊರೆನ್ನುವಷ್ಟು ಹೆಮ್ಮೆ.

ಜನರನ್ನು ಸಮುದ್ರದಾಚೆಯ ಎದುರು ದಡಕ್ಕೆ ಒಯ್ಯುವ ಹಡಗಿನ, ಆ ಫೆರಿಯ ವಿಷಯ ಬಂದಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ಅದರಲ್ಲಿ ಹೋಗುವ ಜನ ಇವರತ್ತ ಕೈ ಬೀಸುತ್ತಿದ್ದರಂತೆ. "ನಮ್ಗೆ ಹೋಗ್ಲಿಕ್ಕಿಲ್ಲ. ಅದಾದ್ರೂ ಹೋಗ್ತಾ ಉಂಟಲ್ಲ, ಅಷ್ಟು ಸಾಕಿತ್ತು" ಎನ್ನುತ್ತಿದ್ದರು.

ಅವ್ವ ಹೋದಾಗ ನನಗೆ ಅಳು ಬರಲಿಲ್ಲ. ಬಾಂದ್ರಾದ ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಹಸಿವೂ ಇರಲಿಲ್ಲ, ದುಃಖವೂ ಇರಲಿಲ್ಲ. ಬಂದವರೆಲ್ಲ ಅತ್ತುಬಿಡು, ಹಗುರಾಗುತ್ತದೆ ಎಂದು ದುಂಬಾಲು ಬಿದ್ದರು. ಕಾಕಾ ಹಾಗನ್ನಲಿಲ್ಲ. ದಿನಾ ಸಂಜೆ ಬಾಗಿಲು ತಟ್ಟಿ ಕರೆದುಕೊಂಡು ಹೋಗಿ, ಬಟ್ಟೆ ಹಾಸಿ, ಗಂಜಿ, ಚಟ್ನಿ ಬಡಿಸಿದರು. ನಾನು ತಟ್ಟೆ ನೋಡುತ್ತ ಕೂತರೆ ಅವರು ರ‍್ಯಾಮ್ಸ್‌ಗೇಟಿನ ಎದುರಿನ ಮರಳದಿಬ್ಬಗಳಿಗೆ ಸಿಕ್ಕಿ ಒಡೆದ ಹಡಗುಗಳ ಕಥೆ ಹೇಳುತ್ತಿದ್ದರು.

"ಆ ಬಂದರು ಕಟ್ಟಿದ್ದು ವ್ಯಾಪಾರಕ್ಕಲ್ಲ ಮಾರಾಯ್ತಿ" ಎಂದರು ಒಂದು ದಿನ. "ಬಿರುಗಾಳಿಗೆ ಸಿಕ್ಕಿದವ್ರು ಬಂದು ನಿಲ್ಲಲಿಕ್ಕೆ. ಎಲ್ಲಿಯವ್ರು, ಎಂತ, ಯಾರೂ ಕೇಳುದಿಲ್ಲ."

ಹೀಗೆ ಅವರ ಮನೆಯಲ್ಲಿ ಉಣ್ಣುತ್ತ ಎಂಟು ತಿಂಗಳಾಯಿತು. ಅಷ್ಟರಲ್ಲಿ ಆಫೀಸಿನವರು ಒಂದು ವಾರ ಲಂಡನ್ನಿಗೆ ಕಳಿಸಿದರು. ಕಾಕಾ ಎಂದೂ ಯಾರಲ್ಲೂ ಏನೂ ಬೇಡಿದವರಲ್ಲ. ಅಂದು ಕೇಳಿದರು. "ಅಲ್ಲಿಂದ ರೈಲಿಗೆ ದೂರ ಇಲ್ಲ. ಆ ಅಜ್ಜಿ ಈಗ ಇರ್ಲಿಕ್ಕಿಲ್ಲ. ಚರ್ಚಿನಲ್ಲಿ ಅವ್ಳ ಹೆಸ್ರಲ್ಲಿ ಒಂದು ಕ್ಯಾಂಡಲ್ ಹಚ್ಚಿ ಬಾ." ಆಗಲಿ ಎಂದೆ.

ಭಾನುವಾರ ಬಿಡುವಿತ್ತು. ನಾನು ಹೋಗಲಿಲ್ಲ. ಕಾಯಿಲೆಯಾಗಲಿ, ಮಳೆಯಾಗಲಿ ಇರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಪರದೆ ಎಳೆದು, ಬೂಟು ಹಾಕಿಕೊಂಡೇ ಮಂಚದ ಮೇಲೆ ಬಿದ್ದಿದ್ದೆ. ಏಳಬೇಕು ಎನಿಸಲಿಲ್ಲ, ಅಷ್ಟೇ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ವಾಪಸು ಬಂದಾಗ ಕಾಕಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕಾಯುತ್ತಿದ್ದರು. ಅದನ್ನು ನೋಡಿ ಹೋಗಿಲ್ಲ ಎನ್ನಲು ಬಾಯಿ ಬರಲಿಲ್ಲ. "ಹೋಗಿದ್ನಿ ಕಾಕಾ, ಕ್ಯಾಂಡಲ್ ಹಚ್ಚಿ ಬಂದೆ" ಎಂದುಬಿಟ್ಟೆ. ಆಮೇಲೆ ಬಂಡೆ, ಮೆಟ್ಟಿಲು, ಗಡಿಯಾರ, ಎಲ್ಲವನ್ನೂ ವರ್ಣಿಸಿದೆ. ಎಲ್ಲ ಅವರೇ ಹೇಳಿದ್ದು. ಅವರದೇ ಸರಕನ್ನು ಅವರಿಗೇ ಬಡಿಸುತ್ತಿದ್ದೆ. ಅವರು ತಲೆದೂಗುತ್ತ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಫೆರಿ ಹೋಗ್ತಾ ಉಂಟಾ?"

"ಹೊಂಟಿತ್ರಿ. ಮಂದಿ ತುಂಬಿದ್ರು. ಕೈ ಬೀಸಿದ್ರು" ಎಂದೆ.

ಕಾಕಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಒಳ್ಳೇದಾಯ್ತು. ಉಣ್ಣು" ಎಂದು ಅನ್ನ ಬಡಿಸಿದರು. ಅಂದಿನಿಂದ ಊಟ ತಪ್ಪಲಿಲ್ಲ, ನನ್ನೆದುರು ರ‍್ಯಾಮ್ಸ್‌ಗೇಟಿನ ಮಾತು ಮಾತ್ರ ನಿಂತುಹೋಯಿತು. ಹೇಳುವುದೆಲ್ಲ ಮುಗಿದಿರಬೇಕು ಎಂದುಕೊಂಡೆ.

ಮರುವರ್ಷ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಲೂ ನನಗೆ ಅಳು ಬರಲಿಲ್ಲ. ಹದಿಮೂರನೆಯ ದಿನ ಮಗಳು ಮನೆ ಖಾಲಿ ಮಾಡುತ್ತಿದ್ದಳು, ನಾನು ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಅಪ್ಪನಿಗೆ ಆ ಊರಿನ ಹುಚ್ಚು ಎಂದು ಅವಳು ನಕ್ಕಳು.

"ಅಲ್ಲಿ ಫೆರಿ ಬಂದ್ ಆಯ್ತಲ್ಲ, ಬಹುತ್ ವರ್ಷ ಆಯ್ತು. ಆಗ್ಲೇ ಯಾರೋ ಫೋನಲ್ಲಿ ಹೇಳಿದ್ರು. ಪಪ್ಪ ಎರಡು ದಿವಸ ಊಟ ಮಾಡ್ಲಿಲ್ಲ."

ನನ್ನ ಕೈಯಲ್ಲಿ ಅವರ ಸೌಟಿತ್ತು. ಸುತ್ತುವುದನ್ನು ಮುಂದುವರಿಸಿದೆ. ಏನಾದರೂ ಅನ್ನಿಸಬೇಕಿತ್ತು. ಅಂದು ಅವರು ಕೇಳಿದ ಒಂದೇ ಪ್ರಶ್ನೆ ನೆನಪಾಯಿತು, ಅಷ್ಟೇ.

"ಲೇಕಿನ್ ನೀವು ಹೋಗಿ ಬಂದ್ರಲ್ಲ, ಪಪ್ಪ ತುಂಬಾ ಖುಷ್ ಇದ್ರು ದೀದಿ. ಆಸ್ಪತ್ರೆಯಲ್ಲಿ ಡಾಕ್ಟರಿಗೆ, ನರ್ಸಿಗೆ, ಸಬ್ಕೋ ಹೇಳಿದ್ರು, ಬಾಜೂ ಮನೆ ಹುಡುಗಿ ನನ್ಗೋಸ್ಕರ ಅಷ್ಟು ದೂರ ಹೋಗಿ ಬಂದ್ಲು ಅಂತ." ಅವಳು ನನ್ನ ಕೈ ಹಿಡಿದುಕೊಂಡಳು. "ಕ್ಯಾಂಡಲ್ ನೀವೇ ಹಚ್ಚಿದ್ರಾ?"

"ಹೌದು" ಎಂದೆ. "ನಾನೇ ಹಚ್ಚಿದೆ."